ಮುಂಗೈ ಮೇಲಿನ ಐದು ಮಿಲಿಮೀಟರ್

1929ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗಾಲಯವೊಂದರಲ್ಲಿ ಹೆರಾಲ್ಡ್ ಚೋಪ್ ಎಂಬ ವೈದ್ಯವಿದ್ಯಾರ್ಥಿ ಹಳೆಯದೊಂದು ಬೂಷ್ಟನ್ನು ತೆರೆದು ನೋಡುತ್ತಿದ್ದ. ಅದರ ಬೀಜಕಣಗಳು ಉಸಿರಿನೊಡನೆ ಅವನ ಎದೆಗೂಡಿಗೆ ಇಳಿದವು. ಆ ಬೂಷ್ಟು ಕಾಕ್ಸಿಡಿಯಾಯ್ಡಿಸ್. ಅದು ಮೈ ಹೊಕ್ಕರೆ ಮನುಷ್ಯ ಉಳಿಯುವುದಿಲ್ಲ ಎಂದೇ ಅಂದಿನ ವೈದ್ಯಲೋಕ ತಿಳಿದಿತ್ತು. ಕೆಲವೇ ದಿನಗಳಲ್ಲಿ ಚೋಪ್‌ಗೆ ಜ್ವರ ಏರಿತು, ಉಸಿರೆಳೆದರೆ ಎದೆ ಚುಚ್ಚಿತು, ಆಮೇಲೆ ಕಾಲಿನ ಮೇಲೆ ಕೆಂಪಗೆ ನೋಯುವ ಗಂಟುಗಳೆದ್ದವು. ಸುತ್ತಲಿದ್ದವರು ಕೆಟ್ಟ ಸುದ್ದಿಗೆ ಮನಸ್ಸು ಗಟ್ಟಿ ಮಾಡಿಕೊಂಡಿದ್ದಾಗ ಅವನು ಚೇತರಿಸಿಕೊಂಡು ಎದ್ದು ಓಡಾಡತೊಡಗಿದ.

ಅವನು ಬದುಕಿದ್ದು ಅವನ ಗುರು ಅರ್ನೆಸ್ಟ್ ಡಿಕ್ಸನ್ ಅವರನ್ನು ಯೋಚನೆಗೆ ಹಚ್ಚಿತು. ಸಾಯಲೇಬೇಕಾಗಿದ್ದ ಹುಡುಗ ಉಳಿದನೆಂದರೆ, ಹೀಗೇ ಸೋಂಕು ತಗುಲಿ, ನಾಲ್ಕು ದಿನ ಮಲಗಿ, ಎದ್ದು ಕೆಲಸಕ್ಕೆ ಹೋದವರು ಇನ್ನೆಷ್ಟು ಜನ ಇರಬಹುದು? ಅವರನ್ನು ಗುರುತಿಸುವುದು ಹೇಗೆ? ಕಾಯಿಲೆ ವಾಸಿಯಾದವರ ಕಫದಲ್ಲಿ ಶಿಲೀಂಧ್ರ ಇರುವುದಿಲ್ಲ. ಎಕ್ಸ್-ರೇಯಲ್ಲಿ ಒಂದು ಸಣ್ಣ ಕಲೆ ಉಳಿದರೂ ಅದು ಯಾವ ರೋಗದ ಗುರುತು ಎಂದು ಹೇಳಲಾಗದು. ಆ ಲೆಕ್ಕ ಸಿಗಬೇಕಾದರೆ ಮೈಯನ್ನೇ ಕೇಳಬೇಕಿತ್ತು.

ಅಲ್ಲಿಯವರೆಗಿನ ಕತೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. 1892ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನಲ್ಲಿ ಅಲೆಹಾಂದ್ರೊ ಪೊಸಾದಾಸ್ ಎಂಬ ವಿದ್ಯಾರ್ಥಿ ಸೈನಿಕನೊಬ್ಬನ ಚರ್ಮದ ಗಡ್ಡೆಗಳಲ್ಲಿ ದುಂಡಗಿನ ಜೀವಿಗಳನ್ನು ಕಂಡು, ಇವು ಏಕಕೋಶ ಪರಾವಲಂಬಿಗಳು ಎಂದುಕೊಂಡರು. ಸ್ಯಾನ್ ಫ್ರಾನ್ಸಿಸ್ಕೋದ ಎಮೆಟ್ ರಿಕ್ಸ್‌ಫರ್ಡ್ ಮತ್ತು ಬಾಲ್ಟಿಮೋರಿನ ಗಿಲ್‌ಕ್ರಿಸ್ಟ್ ಕೂಡ ಹಾಗೆಯೇ ಭಾವಿಸಿ 1896ರಲ್ಲಿ ಅದಕ್ಕೆ ಹೆಸರಿಟ್ಟರು. ರೋಗಿಯ ಗಾಯದಿಂದ ತೆಗೆದ ಕೀವನ್ನು ಬೆಳೆಸಲು ಹೊರಟಾಗಲೆಲ್ಲ ನಳಿಕೆಯಲ್ಲಿ ಬಿಳಿ ಬೂಷ್ಟು ಹಬ್ಬುತ್ತಿತ್ತು. ಹೊರಗಿನಿಂದ ಬಂದು ಸೇರಿದ ಕೊಳೆ ಎಂದು ಅದನ್ನು ತೊಳೆದು ಚೆಲ್ಲುತ್ತಿದ್ದರು. 1900ರಲ್ಲಿ ವಿಲಿಯಂ ಓಫುಲ್ಸ್ ಮತ್ತು ಹರ್ಬರ್ಟ್ ಮೊಫಿಟ್ ಆ ಬೂಷ್ಟನ್ನೇ ಪ್ರಾಣಿಗಳಿಗೆ ಚುಚ್ಚಿ ನೋಡಿದರು. ಪ್ರಾಣಿಗಳ ಮೈಯಲ್ಲಿ ಅದೇ ದುಂಡು ಜೀವಿಗಳು ಕಾಣಿಸಿಕೊಂಡವು. ಬೂಷ್ಟೂ ದುಂಡು ಜೀವಿಯೂ ಒಂದೇ ಶಿಲೀಂಧ್ರದ ಎರಡು ರೂಪಗಳು. ಮಣ್ಣಿನಲ್ಲಿ ಒಂದು, ಮೈಯಲ್ಲಿ ಇನ್ನೊಂದು.

ಈ ಎರಡು ರೂಪಗಳ ವಿಚಾರದಲ್ಲಿ ತುಸು ನಿಲ್ಲಬೇಕು, ಮುಂದಿನ ಪರೀಕ್ಷೆಗಳೆಲ್ಲ ಇದರ ಮೇಲೆಯೇ ನಿಂತಿವೆ. ಅಮೆರಿಕದ ನೈರುತ್ಯ ಭಾಗದ ಅರೆಮರುಭೂಮಿಯಲ್ಲಿ, ಉತ್ತರ ಮೆಕ್ಸಿಕೋದಲ್ಲಿ, ದಕ್ಷಿಣ ಅಮೆರಿಕದ ಕೆಲವೆಡೆ ಈ ಶಿಲೀಂಧ್ರ ನೆಲದ ಮೇಲ್ಪದರದಲ್ಲಿ ಎಳೆ ಎಳೆಯಾಗಿ ಹಬ್ಬಿರುತ್ತದೆ. ಮಳೆ ಬಿದ್ದಾಗ ಬೆಳೆಯುತ್ತದೆ. ನೆಲ ಒಣಗಿದಾಗ ಎಳೆಯ ಒಂದು ಕೋಶ ಗಟ್ಟಿಯಾಗಿ, ಅದರ ಪಕ್ಕದ್ದು ಸತ್ತು ಟೊಳ್ಳಾಗಿ, ಮತ್ತೆ ಒಂದು ಗಟ್ಟಿ, ಒಂದು ಟೊಳ್ಳು, ಹೀಗೆ ಸಾಲುಗಟ್ಟುತ್ತದೆ. ಟೊಳ್ಳು ಕೋಶ ಗಾಳಿಯ ಸಣ್ಣ ಹೊಡೆತಕ್ಕೂ ಮುರಿಯುತ್ತದೆ. ಗಟ್ಟಿ ಕೋಶಗಳು ಬಿಡಿಬಿಡಿಯಾಗಿ ತೇಲುತ್ತವೆ. ಒಂದೊಂದರ ಉದ್ದ ಮೂರರಿಂದ ಐದು ಮೈಕ್ರಾನ್, ಎಂದರೆ ಶ್ವಾಸಕೋಶದ ಕೊನೆಯ ಗಾಳಿಗೂಡಿನವರೆಗೆ ಸಲೀಸಾಗಿ ತಲುಪುವ ಅಳತೆ. ಅಲ್ಲಿ ಬಿಸಿ ಮತ್ತು ತೇವ ಸಿಕ್ಕಿದೊಡನೆ ಅದು ಎಳೆಯಾಗುವುದನ್ನು ಬಿಟ್ಟು ಗೋಳವಾಗುತ್ತದೆ, ಊದುತ್ತದೆ, ಮೂವತ್ತರಿಂದ ಎಂಬತ್ತು ಮೈಕ್ರಾನ್‌ವರೆಗೂ ಹಿಗ್ಗುತ್ತದೆ. ಒಳಗೆ ದಾಳಿಂಬೆಯ ಕಾಳಿನಂತೆ ನೂರಾರು ಮರಿಕಣಗಳು ಒತ್ತೊತ್ತಾಗಿ ತುಂಬಿಕೊಳ್ಳುತ್ತವೆ. ಗೋಳ ಒಡೆದರೆ ಒಂದೊಂದು ಮರಿಕಣವೂ ಹೊಸ ಗೋಳ. ಗೋಳದ ರೂಪ ಒಬ್ಬರಿಂದ ಒಬ್ಬರಿಗೆ ಕೆಮ್ಮಿನ ಮೂಲಕ ಹರಡುವುದಿಲ್ಲ. ರೋಗಿಯ ಪಕ್ಕ ಕೂತರೆ ಭಯವಿಲ್ಲ, ಆದರೆ ಅವನ ಕಫವನ್ನು ತಟ್ಟೆಯಲ್ಲಿ ಬೆಳೆಸಿದರೆ ಅದು ಮತ್ತೆ ಎಳೆಯ ರೂಪಕ್ಕೆ ಮರಳುತ್ತದೆ. ಚೋಪ್‌ನ ಉಸಿರಿಗೆ ಸೇರಿದ್ದು ಆ ರೂಪ.

ಕ್ಯಾಲಿಫೋರ್ನಿಯಾದ ಸ್ಯಾನ್ ವಾಕಿನ್ ಕಣಿವೆಯಲ್ಲಿ ಹತ್ತಿ, ದ್ರಾಕ್ಷಿ ಬೆಳೆಯುವ ಜನಕ್ಕೆ ಅಂಥ ಜ್ವರ ಹೊಸದೇನಲ್ಲ. ಬೇಸಗೆ ಕೊನೆಯಲ್ಲಿ ಬರುತ್ತಿತ್ತು, ಕೀಲು ಹಿಡಿಯುತ್ತಿತ್ತು, ಕಾಲಿನಲ್ಲಿ ಗಂಟೇಳುತ್ತಿತ್ತು, ಕೆಲವು ವಾರಗಳಲ್ಲಿ ಹೋಗುತ್ತಿತ್ತು. ಕಣಿವೆ ಜ್ವರ ಎಂದು ಕರೆದು ಅದರೊಡನೆ ಬಾಳುತ್ತಿದ್ದರು. ಕರ್ನ್ ಕೌಂಟಿಯ ವೈದ್ಯೆ ಮಿರ್ನಿ ಗಿಫರ್ಡ್ ಈ ಜ್ವರದವರನ್ನು ತೀರಾ ಹತ್ತಿರದಿಂದ ಕಂಡಿದ್ದರು. ಕಾಲಿನಲ್ಲಿ ಗಂಟೆದ್ದು ಬಂದವರಿಗೆ ಕಾಕ್ಸಿಡಿಯಾಯ್ಡಿಸ್‌ನಿಂದ ತಯಾರಿಸಿದ ದ್ರವವನ್ನು ಚರ್ಮಕ್ಕೆ ಚುಚ್ಚಿ ನೋಡಿದರೆ ಆ ಜಾಗ ಊದಿಕೊಳ್ಳುತ್ತಿತ್ತು. ಜನ ಮಾಮೂಲಿ ಎಂದು ತಿಳಿದಿದ್ದ ಜ್ವರವೂ ಆಸ್ಪತ್ರೆಯಲ್ಲಿ ಜೀವ ತೆಗೆಯುತ್ತಿದ್ದ ಅಪರೂಪದ ರೋಗವೂ ಒಂದೇ ಶಿಲೀಂಧ್ರದ ಎರಡು ಮುಖ ಎಂಬುದನ್ನು ಡಿಕ್ಸನ್ ಮತ್ತು ಗಿಫರ್ಡ್ 1938ರಲ್ಲಿ ಬರೆದು ಪ್ರಕಟಿಸಿದರು. ವೈದ್ಯಕೀಯ ಇತಿಹಾಸ ಗಿಫರ್ಡ್ ಅವರಂಥ ಜಿಲ್ಲಾಮಟ್ಟದ ವೈದ್ಯರನ್ನು ಸಾಕಷ್ಟು ನೆನೆಯುವುದಿಲ್ಲ. ಹಳ್ಳಿಯವರು ಹೇಳುವ ಕಾಯಿಲೆಯ ಹೆಸರನ್ನು ಕಿವಿಗೊಟ್ಟು ಕೇಳಿದವರು ಅವರು.

ಆ ಚರ್ಮಪರೀಕ್ಷೆಯ ದ್ರವಕ್ಕೆ ಕಾಕ್ಸಿಡಿಯಾಯ್ಡಿನ್ ಎಂದು ಹೆಸರು. ಮಾಡುವ ವಿಧಾನವನ್ನು ಕ್ಷಯದ ಟ್ಯೂಬರ್ಕ್ಯುಲಿನ್‌ನಿಂದ ಎರವಲು ಪಡೆದದ್ದು. ಶಿಲೀಂಧ್ರವನ್ನು ಆಸ್ಪರಜಿನ್ ಎಂಬ ಅಮೈನೋ ಆಮ್ಲ ಬೆರೆಸಿದ ಪೋಷಕ ದ್ರವದಲ್ಲಿ ವಾರಗಟ್ಟಲೆ ಬೆಳೆಯಲು ಬಿಡುತ್ತಾರೆ. ಅದು ಬೆಳೆಯುತ್ತ ತನ್ನ ಪ್ರೋಟೀನು, ಸಕ್ಕರೆಯ ತುಣುಕುಗಳನ್ನು ದ್ರವಕ್ಕೆ ಬಿಡುತ್ತದೆ. ಆಮೇಲೆ ಶಿಲೀಂಧ್ರವನ್ನು ಕೊಂದು, ಸೋಸಿ, ಜೀವಾಂಶ ಒಂದೂ ಉಳಿಯದಂತೆ ಮಾಡಿ, ಆ ದ್ರವವನ್ನು ನೂರು ಪಟ್ಟು ತೆಳುಮಾಡುತ್ತಾರೆ. ಅದರಲ್ಲಿ ಸೋಂಕು ತರುವಂಥದ್ದು ಏನೂ ಇರುವುದಿಲ್ಲ. ಶಿಲೀಂಧ್ರದ ಗುರುತು ಮಾತ್ರ ಇರುತ್ತದೆ.

ಚುಚ್ಚುವುದನ್ನೂ ಓದುವುದನ್ನೂ ಹತ್ತಿರದಿಂದ ನೋಡಿದರೆ ಈ ಪರೀಕ್ಷೆಯ ಸೊಗಸು ತಿಳಿಯುತ್ತದೆ. ಮುಂಗೈಯ ಒಳಭಾಗವನ್ನು ಒರೆಸಿ ಒಣಗಿಸಿ, ಸಣ್ಣ ಸೂಜಿಯ ಬಾಯಿ ಮೇಲಕ್ಕೆ ಇರುವಂತೆ ಹಿಡಿದು, ಚರ್ಮಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಒಳಕ್ಕೆ ಸರಿಸುತ್ತಾರೆ. ಸೂಜಿಯ ತುದಿ ಚರ್ಮದ ಕೆಳಗೆ ಮಸುಕಾಗಿ ಕಾಣುತ್ತಲೇ ಇರಬೇಕು. ಕಾಣದಾದರೆ ಆಳಕ್ಕೆ ಹೋಯಿತು ಎಂದರ್ಥ. 0.1 ಮಿಲಿಲೀಟರ್ ದ್ರವ ಒಳಗೆ ಹೋದಾಗ ಬಿಳಿಚಿದ ಪುಟ್ಟ ಗುಳ್ಳೆಯೊಂದು ಏಳುತ್ತದೆ. ಅದು ಏಳದಿದ್ದರೆ ಪರೀಕ್ಷೆ ಕೆಟ್ಟಿತೆಂದೇ ಲೆಕ್ಕ, ಬೇರೆ ಜಾಗದಲ್ಲಿ ಮತ್ತೆ ಚುಚ್ಚಬೇಕು. ಗುಳ್ಳೆ ಸ್ವಲ್ಪ ಹೊತ್ತಿನಲ್ಲೇ ಇಳಿದುಹೋಗುತ್ತದೆ. ಆಮೇಲೆ ಕಾಯುವ ಕೆಲಸ.

ಆ ಕಾಯುವ ಹೊತ್ತಿನಲ್ಲಿ ಒಳಗೆ ನಡೆಯುವುದು ಇಷ್ಟು. ಹಿಂದೆಂದೋ ಈ ಶಿಲೀಂಧ್ರವನ್ನು ಎದುರಿಸಿ ಗೆದ್ದ ಮೈಯಲ್ಲಿ ಅದರ ಗುರುತನ್ನು ನೆನಪಿಟ್ಟುಕೊಂಡ ಟಿ ಕೋಶಗಳು ರಕ್ತದಲ್ಲಿ ಸುತ್ತುತ್ತಿರುತ್ತವೆ. ಚರ್ಮದಲ್ಲಿ ಆ ಗುರುತು ಸಿಕ್ಕಿದೊಡನೆ ಅವು ಅಲ್ಲಿ ನಿಂತು ರಾಸಾಯನಿಕ ಸಂದೇಶ ಬಿಡುತ್ತವೆ, ಬೇರೆ ಕೋಶಗಳನ್ನು ಕರೆಸಿಕೊಳ್ಳುತ್ತವೆ. ಕೋಶಗಳು ಬಂದು ಗುಂಪುಗೂಡಲು ಒಂದು ದಿನ, ಎರಡು ದಿನ ಬೇಕು. ಧೂಳಿನ ಅಲರ್ಜಿ ಇರುವವರಿಗೆ ಹತ್ತು ನಿಮಿಷದಲ್ಲಿ ಏಳುವ ದದ್ದಿಗೂ ಇದಕ್ಕೂ ಸಂಬಂಧವಿಲ್ಲ. 48 ಗಂಟೆಗಳ ನಂತರ ನೋಡಿದರೆ ಚುಚ್ಚಿದ ಜಾಗ ಕೆಂಪಾಗಿರಬಹುದು. ಆದರೆ ಕೆಂಪು ಲೆಕ್ಕಕ್ಕೆ ಬಾರದು. ಬೆರಳಿಗೆ ಸಿಗುವ ಗಡಸನ್ನು ಅಳೆಯಬೇಕು. ಅದಕ್ಕೊಂದು ಒಳ್ಳೆಯ ಉಪಾಯವಿದೆ. ಬಾಲ್ ಪೆನ್ನನ್ನು ಉಬ್ಬಿನಿಂದ ತುಸು ದೂರದಲ್ಲಿ ಊರಿ, ಮೆಲ್ಲಗೆ ಉಬ್ಬಿನ ಕಡೆಗೆ ಗೆರೆ ಎಳೆಯುತ್ತ ಬರಬೇಕು. ಗಡಸಿನ ಅಂಚಿಗೆ ಬಂದಾಗ ಪೆನ್ನಿಗೆ ತಡೆ ತಾಗುತ್ತದೆ, ಅಲ್ಲಿ ನಿಲ್ಲಿಸಬೇಕು. ಎದುರಿನ ಕಡೆಯಿಂದಲೂ ಹಾಗೆಯೇ. ಎರಡು ಗೆರೆಗಳ ತುದಿಯ ನಡುವಿನ ಅಂತರ ಐದು ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಪರೀಕ್ಷೆ ಪಾಸಿಟಿವ್. ನಮ್ಮಲ್ಲಿ ಟಿ.ಬಿ.ಗೆ ಮಾಂಟೂ ಪರೀಕ್ಷೆ ಮಾಡಿಸಿಕೊಂಡವರಿಗೆ ಇದು ಪರಿಚಿತ ದೃಶ್ಯ.

ಈ ಐದು ಮಿಲಿಮೀಟರನ್ನು ಹಿಡಿದುಕೊಂಡು ಇಡೀ ಕಣಿವೆಯ ಕತೆಯನ್ನು ಓದಿದವರು ಚಾರ್ಲ್ಸ್ ಎಡ್ವರ್ಡ್ ಸ್ಮಿತ್. ಡಿಕ್ಸನ್ ಅವರ ಕಿರಿಯ ಸಹೋದ್ಯೋಗಿ. 1930ರ ದಶಕದ ಕೊನೆಯಲ್ಲಿ ಅವರು ಕರ್ನ್ ಮತ್ತು ಟುಲೇರಿ ಕೌಂಟಿಗಳಲ್ಲಿ ಊರೂರು ಸುತ್ತಿ, ಕಾಲಿನಲ್ಲಿ ಗಂಟೆದ್ದವರನ್ನು ಹುಡುಕಿ ಮಾತಾಡಿಸಿದರು. ಯಾವಾಗ ಬಂದಿರಿ, ಏನು ಕೆಲಸ, ಎಲ್ಲಿ ನೆಲ ಅಗೆದಿರಿ ಎಂದು ವಿಚಾರಿಸಿದರು. ಧೂಳು ಕುಡಿದ ದಿನಕ್ಕೂ ಜ್ವರ ಹಿಡಿದ ದಿನಕ್ಕೂ ಒಂದರಿಂದ ನಾಲ್ಕು ವಾರದ ಅಂತರ ಇರುತ್ತದೆ ಎಂಬುದು ಅವರ ಕೆಲಸದಿಂದ ಖಚಿತವಾಯಿತು. ಇನ್ನೂ ದೊಡ್ಡ ವಿಷಯ ಗೊತ್ತಾದದ್ದು ಎರಡನೇ ಮಹಾಯುದ್ಧದ ಹೊತ್ತಿಗೆ. ಬಯಲು ಭೂಮಿ, ಸದಾ ಬಿಸಿಲು, ಮೋಡವಿಲ್ಲದ ಆಕಾಶ: ವಿಮಾನ ಹಾರಿಸಲು ಕಲಿಸುವುದಕ್ಕೆ ಹೇಳಿ ಮಾಡಿಸಿದ ಜಾಗ ಎಂದು ಅಮೆರಿಕದ ಸೇನೆ ಆ ಕಣಿವೆಯಲ್ಲೇ ವಾಯುನೆಲೆಗಳನ್ನು ಕಟ್ಟಿತು. ದೇಶದ ಎಲ್ಲ ಮೂಲೆಗಳಿಂದ, ಈ ಮಣ್ಣಿನ ಧೂಳನ್ನು ಎಂದೂ ಉಸಿರಾಡದ ಸಾವಿರಾರು ಹುಡುಗರು ಬಂದಿಳಿದರು.

ಸ್ಮಿತ್ ಅವರು ಬಂದವರಿಗೆಲ್ಲ ಚರ್ಮಪರೀಕ್ಷೆ ಮಾಡಿಸಿದರು. ನೆಗೆಟಿವ್ ಬಂದವರನ್ನು ಕೆಲವು ತಿಂಗಳಿಗೊಮ್ಮೆ ಮತ್ತೆ ಪರೀಕ್ಷಿಸಿದರು. ನೆಗೆಟಿವ್ ಇದ್ದವನು ಪಾಸಿಟಿವ್ ಆದನೆಂದರೆ ಈ ನಡುವೆ ಸೋಂಕು ತಗುಲಿದೆ, ಅನುಮಾನವೇ ಇಲ್ಲ. ಆ ಅವಧಿಯಲ್ಲಿ ಅವನಿಗೆ ಕಾಯಿಲೆ ಬಂದಿತ್ತೇ ಎಂದು ಕಡತ ನೋಡಿದರೆ, ನೂರಕ್ಕೆ ಅರವತ್ತು ಮಂದಿಗೆ ಏನೂ ಆಗಿರಲಿಲ್ಲ. ಸೋಂಕು ತಗುಲಿದ್ದೇ ಅವರಿಗೆ ತಿಳಿದಿರಲಿಲ್ಲ. ಉಳಿದವರಿಗೆ ಫ್ಲೂನಂಥ ಜ್ವರವೋ ನ್ಯುಮೋನಿಯವೋ ಬಂದು ಹೋಗಿತ್ತು. ಶ್ವಾಸಕೋಶ ದಾಟಿ ಚರ್ಮ, ಮೂಳೆ, ಮೆದುಳುಪೊರೆಗಳಿಗೆ ರೋಗ ಹರಡಿದ್ದು ನೂರರಲ್ಲಿ ಒಬ್ಬರಿಗಿಂತ ಹೆಚ್ಚಿಲ್ಲ. ಆಫ್ರಿಕನ್ ಮೂಲದವರಲ್ಲಿ, ಫಿಲಿಪಿನೋಗಳಲ್ಲಿ ಮಾತ್ರ ಆ ಪ್ರಮಾಣ ಎದ್ದು ಕಾಣುವಷ್ಟು ಹೆಚ್ಚು. ಸಾವೇ ಗತಿ ಎಂದಿದ್ದ ರೋಗದ ನಿಜವಾದ ಆಕಾರ ಮೊದಲ ಬಾರಿಗೆ ಕಂಡದ್ದು ಹೀಗೆ. ಅದುವರೆಗೆ ಆಸ್ಪತ್ರೆಗಳು ನೋಡುತ್ತಿದ್ದದ್ದು ಆ ನೂರರಲ್ಲಿ ಒಬ್ಬನನ್ನು.

ಲೆಕ್ಕ ಸಿಕ್ಕಿದ ಮೇಲೆ ಕೈಕಟ್ಟಿ ಕೂರಲಿಲ್ಲ. ನೆಲೆಗಳ ಸುತ್ತ ಹುಲ್ಲು ಬೆಳೆಸಿದರು, ರಸ್ತೆಗಳಿಗೆ ಡಾಂಬರು ಹಾಕಿದರು, ಬರಿನೆಲಕ್ಕೆ ಎಣ್ಣೆ ಸಿಂಪಡಿಸಿದರು, ಧೂಳೆಬ್ಬಿಸುವ ಮೈದಾನದ ಆಟಗಳ ಬದಲು ಈಜಿಗೆ ಕಳಿಸಿದರು. ಆಮೇಲೆ ಮತ್ತೆ ಅದೇ ಚರ್ಮಪರೀಕ್ಷೆ ಮಾಡಿದಾಗ ಹೊಸ ಸೋಂಕಿನ ಪ್ರಮಾಣ ಅರ್ಧಕ್ಕೂ ಕೆಳಗೆ ಇಳಿದಿತ್ತು. ಒಂದು ಸೂಜಿ, ಒಂದು ಅಳತೆಪಟ್ಟಿಯಿಂದ ಸಾರ್ವಜನಿಕ ಆರೋಗ್ಯದಲ್ಲಿ ಇಷ್ಟು ಸ್ಪಷ್ಟ ಫಲ ಕಂಡ ಉದಾಹರಣೆಗಳು ಬೆರಳೆಣಿಕೆಯವು. ಅದೇ ಯುದ್ಧಕಾಲದಲ್ಲಿ ಅರಿಜೋನಾದ ಗಿಲಾ ನದಿಯ ಶಿಬಿರದಲ್ಲಿ ಜಪಾನಿ ಮೂಲದ ಅಮೆರಿಕನ್ನರನ್ನು ಕೂಡಿಹಾಕಿದ್ದರು. ಅಲ್ಲಿಯೂ ಕಣಿವೆ ಜ್ವರ ಹಬ್ಬಿತು. ತಾವಾಗಿ ಆರಿಸಿಕೊಳ್ಳದ ನೆಲದ ಧೂಳನ್ನು ಅವರು ಉಸಿರಾಡಬೇಕಾಯಿತು ಎಂಬುದನ್ನು ಈ ಕತೆ ಹೇಳುವಾಗ ಬಿಡಲಾಗದು.

1957ರಲ್ಲಿ ಫಿಲಿಸ್ ಎಡ್ವರ್ಡ್ಸ್ ಮತ್ತು ಕ್ಯಾರಲ್ ಪಾಮರ್ ದೇಶದುದ್ದಕ್ಕೂ ನಡೆದ ಚರ್ಮಪರೀಕ್ಷೆಗಳ ಫಲಿತಾಂಶವನ್ನು ಭೂಪಟದ ಮೇಲೆ ಗುರುತಿಸಿದರು. ಯಾವ ಊರಿನವರ ಮುಂಗೈ ಊದುತ್ತದೆಯೋ ಆ ಊರಿನ ಮಣ್ಣಿನಲ್ಲಿ ಶಿಲೀಂಧ್ರವಿದೆ. ಮಣ್ಣನ್ನು ತಂದು ಬೆಳೆಸಿ ಹುಡುಕುವುದು ಕಷ್ಟ, ಎಷ್ಟೋ ಸಲ ಸಿಗುವುದೇ ಇಲ್ಲ. ಜನರ ಚರ್ಮವೇ ಆ ಸಮೀಕ್ಷೆ ಮಾಡಿಕೊಟ್ಟಿತು. ಇಂದಿಗೂ ಪಠ್ಯಪುಸ್ತಕಗಳಲ್ಲಿ ಕಾಣುವ ನಕ್ಷೆಯ ಬುನಾದಿ ಅದು. ಅದು ಪೂರ್ತಿಯಲ್ಲ ಎಂಬುದು ಆಮೇಲೆ ತಿಳಿಯಿತು. 2001ರಲ್ಲಿ ಯೂಟಾದ ಡೈನೊಸಾರ್ ರಾಷ್ಟ್ರೀಯ ಸ್ಮಾರಕದಲ್ಲಿ ಪುರಾತತ್ವದ ಅಗೆತದಲ್ಲಿದ್ದವರಿಗೆ ರೋಗ ಬಂತು. 2010ರ ಹೊತ್ತಿಗೆ, ನಕ್ಷೆಯಿಂದ ಬಹಳ ದೂರದ ಉತ್ತರದಲ್ಲಿ, ವಾಷಿಂಗ್ಟನ್ ರಾಜ್ಯದ ಪೂರ್ವಭಾಗದಲ್ಲಿ ಊರು ಬಿಟ್ಟು ಹೋಗದವರಲ್ಲೇ ರೋಗ ಕಾಣಿಸಿಕೊಂಡಿತು. ಅಲ್ಲಿನ ಮಣ್ಣಿನಲ್ಲೂ ಶಿಲೀಂಧ್ರ ಸಿಕ್ಕಿತು.

ಇಷ್ಟೆಲ್ಲ ಹೇಳಿದ ಮೇಲೆ, ಹಾಸಿಗೆ ಹಿಡಿದ ರೋಗಿಯ ಮುಂದೆ ಈ ಚರ್ಮಪರೀಕ್ಷೆ ಏನು ಮಾಡಬಲ್ಲದು ಎಂಬ ಪ್ರಶ್ನೆಗೆ ಬರೋಣ. ಓದುಗರು ಇಲ್ಲಿ ಎಚ್ಚರವಾಗಿರಬೇಕು, ಏಕೆಂದರೆ ಸಾಮಾನ್ಯ ತರ್ಕ ಇಲ್ಲಿ ದಾರಿ ತಪ್ಪಿಸುತ್ತದೆ. ಪಾಸಿಟಿವ್ ಬಂದರೆ ರೋಗ ಇದೆ, ನೆಗೆಟಿವ್ ಬಂದರೆ ಇಲ್ಲ ಎಂದು ನಾವು ಓದಿಕೊಳ್ಳುತ್ತೇವೆ. ಕಣಿವೆಯ ಬೇಕರ್ಸ್‌ಫೀಲ್ಡಿನ ಎಪ್ಪತ್ತರ ರೈತನಿಗೆ ಪಾಸಿಟಿವ್ ಬರುತ್ತದೆ. ಅವನಿಗೆ ಸೋಂಕು ತಗುಲಿದ್ದು ಬಾಲ್ಯದಲ್ಲಿ, ಇವತ್ತಿನ ಕೆಮ್ಮಿಗೆ ಬೇರೆಯೇ ಕಾರಣ ಇರಬಹುದು. ನೆಗೆಟಿವ್ ಬಂದವರಲ್ಲಿ ಮೂರು ಬಗೆಯವರಿದ್ದಾರೆ. ಶಿಲೀಂಧ್ರವನ್ನು ಎಂದೂ ಕಾಣದವರು; ಸೋಂಕು ತಗುಲಿ ಇನ್ನೂ ಕೆಲವೇ ದಿನವಾಗಿ ಟಿ ಕೋಶಗಳು ಪಾಠ ಕಲಿಯದವರು; ಮತ್ತು ರೋಗ ಮೈತುಂಬ ಹರಡಿ ಟಿ ಕೋಶಗಳು ಕೈಚೆಲ್ಲಿರುವವರು. ಎಲ್ಲರಿಗಿಂತ ಹೆಚ್ಚು ಕಾಯಿಲೆ ಬಿದ್ದವನ ಮುಂಗೈ ಎಲ್ಲರಿಗಿಂತ ಶಾಂತವಾಗಿರುತ್ತದೆ.

ಸ್ಮಿತ್ ಇದನ್ನು ಬೇಗನೆ ಕಂಡುಕೊಂಡರು. ಹಾಗಾಗಿ ಚರ್ಮದ ಜೊತೆಗೆ ರಕ್ತವನ್ನೂ ಕೇಳತೊಡಗಿದರು. ಎರಡು ಪರೀಕ್ಷೆಗಳನ್ನು ಹದಗೊಳಿಸಿದರು. ಮೊದಲನೆಯದರಲ್ಲಿ ರೋಗಿಯ ಸೀರಂ (ರಕ್ತದ ತಿಳಿಭಾಗ) ಮತ್ತು ಕಾಕ್ಸಿಡಿಯಾಯ್ಡಿನ್ ಎರಡನ್ನೂ ನಳಿಕೆಯಲ್ಲಿ ಬೆರೆಸಿ ಇಟ್ಟರೆ ತಳದಲ್ಲಿ ಪ್ರತಿಕಾಯಗಳ ಗಷ್ಟು ಕೂರುತ್ತದೆ. ಸೋಂಕಿನ ಮೊದಲ ವಾರಗಳಲ್ಲಿ ಹುಟ್ಟಿ ಕೆಲವು ತಿಂಗಳಲ್ಲಿ ಮರೆಯಾಗುವ ಐಜಿಎಂ ಪ್ರತಿಕಾಯಗಳು ಇವು. ಹೊಸ ಸೋಂಕು ಎನ್ನುವುದಕ್ಕೆ ಸಾಕ್ಷಿ. ಎರಡನೆಯದು ಕಾಂಪ್ಲಿಮೆಂಟ್ ಫಿಕ್ಸೇಷನ್. ರಕ್ತದಲ್ಲಿ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳ ಗುಂಪಿದೆ. ಪ್ರತಿಕಾಯ ತನ್ನ ಗುರಿಯನ್ನು ಹಿಡಿದಾಗ ಇವು ಅಲ್ಲಿ ಖರ್ಚಾಗುತ್ತವೆ. ರೋಗಿಯ ಸೀರಂ, ಕಾಕ್ಸಿಡಿಯಾಯ್ಡಿನ್, ಅಳೆದ ಕಾಂಪ್ಲಿಮೆಂಟ್ ಮೂರನ್ನೂ ಸೇರಿಸಿ, ಕೊನೆಗೆ ಒಡೆಯಲು ಸಿದ್ಧವಾಗಿರುವ ಕುರಿಯ ಕೆಂಪು ರಕ್ತಕಣಗಳನ್ನು ಹಾಕುತ್ತಾರೆ. ಕಾಂಪ್ಲಿಮೆಂಟ್ ಉಳಿದಿದ್ದರೆ ಕಣಗಳು ಒಡೆದು ದ್ರವವೆಲ್ಲ ಕೆಂಪಾಗುತ್ತದೆ. ಆಗಲೇ ಖರ್ಚಾಗಿದ್ದರೆ ಕಣಗಳು ಒಡೆಯದೆ ತಳಕ್ಕಿಳಿದು ಕೆಂಪು ಬೊಟ್ಟಾಗುತ್ತವೆ, ಮೇಲಿನ ನೀರು ತಿಳಿಯಾಗಿರುತ್ತದೆ. ತಳದಲ್ಲಿ ಬೊಟ್ಟು ಬಿದ್ದರೆ ರೋಗಿಯಲ್ಲಿ ಪ್ರತಿಕಾಯವಿದೆ. ಸೀರಂ ಅನ್ನು ಎರಡು ಪಾಲು, ನಾಲ್ಕು ಪಾಲು, ಎಂಟು ಪಾಲು ಎಂದು ತೆಳುಮಾಡುತ್ತ ಹೋಗಿ, ಎಷ್ಟು ತೆಳುವಾದರೂ ಬೊಟ್ಟು ಬೀಳುತ್ತದೆ ಎಂದು ನೋಡುವುದೇ ಟೈಟರ್.

1956ರಲ್ಲಿ ಸ್ಮಿತ್ ಮತ್ತು ಅವರ ಸಂಗಡಿಗರು 39,500 ರಕ್ತಪರೀಕ್ಷೆಗಳ ಫಲವನ್ನು ಒಟ್ಟಿಗೆ ಪ್ರಕಟಿಸಿದರು. ಟೈಟರ್ 1:16 ದಾಟಿ 1:32, 1:64 ಎಂದು ಏರುತ್ತಿದ್ದರೆ ರೋಗ ಶ್ವಾಸಕೋಶ ಬಿಟ್ಟು ಹೊರಟಿದೆ ಎಂದು ಶಂಕಿಸಬೇಕು. ಬೆನ್ನುಹುರಿಯ ದ್ರವದಲ್ಲಿ ಈ ಪ್ರತಿಕಾಯ ಕಂಡರೆ ಮೆದುಳುಪೊರೆಗೆ ರೋಗ ತಲುಪಿದೆ. ಚರ್ಮದ ಫಲಿತಾಂಶವನ್ನು ಇದರ ಪಕ್ಕದಲ್ಲಿಟ್ಟು ನೋಡಿದಾಗ ಸ್ಮಿತ್ ಅವರಿಗೆ ಕಂಡದ್ದು ಎರಡು ವಿರುದ್ಧ ದಿಕ್ಕಿನ ಚಲನೆ. ಸುಲಭವಾಗಿ ಗೆಲ್ಲುವವರಲ್ಲಿ ಚರ್ಮ ಜೋರಾಗಿ ಊದುತ್ತದೆ, ಟೈಟರ್ ಕೆಳಗಿರುತ್ತದೆ. ಸೋಲುತ್ತಿರುವವರಲ್ಲಿ ಚರ್ಮ ಸುಮ್ಮನಿರುತ್ತದೆ, ಟೈಟರ್ ಏರುತ್ತದೆ. ಈ ಶಿಲೀಂಧ್ರದ ವಿರುದ್ಧ ಪ್ರತಿಕಾಯಗಳಿಂದ ಹೆಚ್ಚು ಪ್ರಯೋಜನವಿಲ್ಲ, ಕೋಶಗಳೇ ಕಾದಾಡಬೇಕು ಎಂಬ ತಿಳಿವು ಇಲ್ಲೇ ಅಡಗಿತ್ತು. ಕಾಲಿನಲ್ಲಿ ನೋಯುವ ಗಂಟೆದ್ದರೆ ಒಳ್ಳೆಯ ಲಕ್ಷಣ ಎಂದು ಕಣಿವೆಯ ವೈದ್ಯರು ಭಾವಿಸುತ್ತಿದ್ದುದಕ್ಕೂ ಇದೇ ಕಾರಣ. ಆ ಗಂಟುಗಳು ಶಿಲೀಂಧ್ರದ ಗೂಡುಗಳಲ್ಲ; ಟಿ ಕೋಶಗಳು ಎಚ್ಚೆತ್ತಿರುವುದರ ಗುರುತು.

ಇನ್ನು ಪ್ರಯೋಗಾಲಯ. ಚರ್ಮವೂ ಸೀರಂ ಕೂಡ ಪರೋಕ್ಷ ಸಾಕ್ಷಿಗಳು. ಕಣ್ಣಾರೆ ಕಾಣಬೇಕಾದರೆ ಕಫವನ್ನೋ ಗಾಯದ ಕೀವನ್ನೋ ತೆಗೆದು ಸ್ಲೈಡಿನ ಮೇಲೆ ಒಂದು ಹನಿ ಹಾಕಿ, ಹತ್ತು ಶೇಕಡಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೇರಿಸಿ, ಕವರ್‌ಸ್ಲಿಪ್ ಮುಚ್ಚಿ, ತುಸು ಬಿಸಿ ಮಾಡುತ್ತಾರೆ. ಹುಳುಕಡ್ಡಿಯ ಚರ್ಮದ ಹೊಟ್ಟನ್ನು ನೋಡಲು ನಮ್ಮ ಆಸ್ಪತ್ರೆಗಳಲ್ಲಿ ದಿನವೂ ಬಳಸುವ ವಿಧಾನವೇ ಇದು. ಕ್ಷಾರ ಮನುಷ್ಯನ ಕೋಶ, ಲೋಳೆ ಎಲ್ಲವನ್ನೂ ಕರಗಿಸಿ ತಿಳಿಮಾಡುತ್ತದೆ. ಶಿಲೀಂಧ್ರದ ಗೋಡೆ ಕರಗುವುದಿಲ್ಲ. ಸೂಕ್ಷ್ಮದರ್ಶಕದ ಬೆಳಕನ್ನು ತಗ್ಗಿಸಿ ನೋಡಿದರೆ ತಿಳಿಯಾದ ಹಿನ್ನೆಲೆಯಲ್ಲಿ ದಪ್ಪಗೋಡೆಯ ಗೋಳ, ಗೋಡೆಗೆ ಎರಡು ಅಂಚು, ಒಳಗೆ ಕಿಕ್ಕಿರಿದ ಮರಿಕಣಗಳು. ಹೀಗೆ ಮರಿಕಣ ತುಂಬಿದ ಗೋಳ ಕಂಡಿತೆಂದರೆ ಬೇರೆ ಪುರಾವೆ ಬೇಡ. ತೊಂದರೆ ಏನೆಂದರೆ ಇನ್ನೂ ಬಲಿಯದ ಗೋಳಗಳು ಟೊಳ್ಳಾಗಿರುತ್ತವೆ, ಗಾಳಿಗುಳ್ಳೆಯಂತೆಯೋ ಬೇರೆ ಯೀಸ್ಟಿನಂತೆಯೋ ಕಾಣುತ್ತವೆ. ಬಯಾಪ್ಸಿಯ ತುಣುಕಾದರೆ ಬೆಳ್ಳಿಲವಣದ ಬಣ್ಣ ಹಾಕುತ್ತಾರೆ. ಶಿಲೀಂಧ್ರದ ಗೋಡೆ ಹಸಿರು ಹಿನ್ನೆಲೆಯಲ್ಲಿ ಕಪ್ಪಗೆ ಎದ್ದು ಕಾಣುತ್ತದೆ.

ಬೆಳೆಸಿ ನೋಡುವುದು ಎಲ್ಲಕ್ಕಿಂತ ಖಚಿತ, ಎಲ್ಲಕ್ಕಿಂತ ಅಪಾಯ. ಕ್ಷಯದ ಬ್ಯಾಕ್ಟೀರಿಯ ಬೆಳೆಯಲು ವಾರಗಟ್ಟಲೆ ಬೇಕಾದರೆ ಕಾಕ್ಸಿಡಿಯಾಯ್ಡಿಸ್ ಸಾಮಾನ್ಯ ಅಗರ್ ಮೇಲೂ ಮೂರರಿಂದ ಐದು ದಿನಗಳಲ್ಲಿ ಬಿಳಿ ಹತ್ತಿಯಂತೆ ಹರಡುತ್ತದೆ. ಕಫದಿಂದ ನ್ಯುಮೋನಿಯದ ಬ್ಯಾಕ್ಟೀರಿಯ ಹುಡುಕಲು ಹೊರಟ ತಂತ್ರಜ್ಞೆಗೆ ತಟ್ಟೆಯ ಮೇಲೆ ಬೂಷ್ಟು ಕಾಣುತ್ತದೆ. ಮುಚ್ಚಳ ತೆರೆದು ನೋಡೋಣ ಅನ್ನಿಸುವುದು ಸಹಜ. ಕೆಲವು ದಿನ ಹಳೆಯದಾದ ತಟ್ಟೆಯಲ್ಲಿ ಎಳೆಗಳು ಆಗಲೇ ಒಣಗಿ ಒಡೆಯಲು ತಯಾರಾಗಿರುತ್ತವೆ. ಆದ್ದರಿಂದಲೇ ಈ ಶಿಲೀಂಧ್ರ ಇರಬಹುದು ಎಂಬ ಸಂಶಯ ಬಂದ ಕ್ಷಣ ತಟ್ಟೆಗೆ ಟೇಪು ಸುತ್ತಿ ಮುಚ್ಚಬೇಕು, ತೆರೆದ ತಟ್ಟೆಯ ಬದಲು ತಿರುಪು ಮುಚ್ಚಳದ ನಳಿಕೆಯಲ್ಲಿ ಬೆಳೆಸಬೇಕು, ಮುಂದಿನ ಕೆಲಸವನ್ನೆಲ್ಲ ಮೂರನೇ ಹಂತದ ಜೈವಿಕ ಸುರಕ್ಷತೆಯ ಕೋಣೆಯಲ್ಲಿ ಗಾಳಿ ಸೋಸುವ ಕ್ಯಾಬಿನೆಟ್ಟಿನೊಳಗೆ ಮಾಡಬೇಕು. ಬರಿಗಣ್ಣಿಗೆ ಕಾಣುವ ಬೂಷ್ಟಿನ ರೂಪವನ್ನು ನಂಬುವಂತಿಲ್ಲ, ಮಣ್ಣಿನ ಹಲವು ನಿರಪಾಯಿ ಬೂಷ್ಟುಗಳೂ ಹಾಗೇ ಕಾಣುತ್ತವೆ. ಹಿಂದೆ ಪ್ರಾಣಿಗಳಿಗೆ ಚುಚ್ಚಿ ಗೋಳ ಹುಟ್ಟುತ್ತದೆಯೇ ಎಂದು ನೋಡುತ್ತಿದ್ದರು; ಈಗ ಡಿಎನ್ಎ ಪರೀಕ್ಷೆ ಅದನ್ನು ತೀರ್ಮಾನಿಸುತ್ತದೆ. 2002ರಲ್ಲಿ ಅದೇ ಡಿಎನ್ಎ ಅಧ್ಯಯನದಿಂದ ಇದು ಒಂದಲ್ಲ, ಎರಡು ಪ್ರಭೇದ ಎಂದು ಗೊತ್ತಾಗಿ, ಕ್ಯಾಲಿಫೋರ್ನಿಯಾದ ಆಚೆಗಿನದಕ್ಕೆ ಪೊಸಾದಾಸ್ ಅವರ ಹೆಸರಿಟ್ಟರು.

ಚರ್ಮಪರೀಕ್ಷೆಯ ಮುಂದಿನ ಗತಿ ಬೇಸರದ್ದು. ಕೆಲವು ಪ್ರದೇಶಗಳಿಗೆ ಮಾತ್ರ ಬೇಕಾದ, ಲಾಭ ತಾರದ ವಸ್ತುವಾದ್ದರಿಂದ ಅದು 1990ರ ದಶಕದ ಕೊನೆಗೆ ಮಾರುಕಟ್ಟೆಯಿಂದಲೇ ಮಾಯವಾಯಿತು. 2011ರಲ್ಲಿ, ಗೋಳದ ರೂಪದಿಂದ ತಯಾರಿಸಿದ ಸ್ಫೆರುಸಾಲ್ ಎಂಬ ಹೊಸ ದ್ರವಕ್ಕೆ ಅಮೆರಿಕದ ಔಷಧ ಇಲಾಖೆ ಒಪ್ಪಿಗೆ ಕೊಟ್ಟಿತು. ಕಣಿವೆ ಜ್ವರದ ನ್ಯುಮೋನಿಯ ಬಂದುಹೋದವರಲ್ಲಿ ಟಿ ಕೋಶಗಳ ನೆನಪು ನಿಂತಿದೆಯೇ ಎಂದು ನೋಡುವುದಕ್ಕೆ ಎಂದು ಅದರ ಉದ್ದೇಶವನ್ನು ಸ್ಪಷ್ಟವಾಗಿ ಕಟ್ಟಿಟ್ಟರು, ರೋಗನಿರ್ಣಯಕ್ಕಲ್ಲ. ಆದರೆ ಅದರ ದೊಡ್ಡ ಬಳಕೆ ಆದದ್ದು ಸೆರೆಮನೆಗಳಲ್ಲಿ. ಕಣಿವೆಯ ಅವೆನಲ್ ಮತ್ತು ಪ್ಲೆಸೆಂಟ್ ವ್ಯಾಲಿ ಸೆರೆಮನೆಗಳಲ್ಲಿ ಈ ರೋಗ ಮಿತಿಮೀರಿತ್ತು. 2013ರಲ್ಲಿ ಫೆಡರಲ್ ನ್ಯಾಯಾಲಯ ಹೆಚ್ಚು ಅಪಾಯವಿರುವ ಕೈದಿಗಳನ್ನು ಬೇರೆಡೆಗೆ ಸಾಗಿಸಲು ಆದೇಶ ಕೊಟ್ಟಿತು. 2015ರಲ್ಲಿ ಕೈದಿಗಳಿಗೆ ಸಾಮೂಹಿಕ ಚರ್ಮಪರೀಕ್ಷೆ ನಡೆಸಿ, ನೆಗೆಟಿವ್ ಬಂದವರನ್ನು, ಎಂದರೆ ರಕ್ಷಣೆಯಿಲ್ಲದವರನ್ನು, ಆ ಎರಡು ಸೆರೆಮನೆಗಳಿಂದ ದೂರವಿಟ್ಟರು. ಯಾರ ಮೈ ಈ ಶಿಲೀಂಧ್ರವನ್ನು ಆಗಲೇ ಎದುರಿಸಿದೆ, ಯಾರದು ಇಲ್ಲ? ಯುದ್ಧಕಾಲದಲ್ಲಿ ಸ್ಮಿತ್ ಕೇಳಿದ್ದ ಪ್ರಶ್ನೆ ಇದೇ. ಚರ್ಮಪರೀಕ್ಷೆ ಸರಿಯಾಗಿ ಉತ್ತರಿಸಬಲ್ಲದ್ದೂ ಈ ಪ್ರಶ್ನೆಗೇ.

ನಮ್ಮ ಮಣ್ಣಿನಲ್ಲಿ ಈ ಶಿಲೀಂಧ್ರ ಇಲ್ಲ. ಆದರೆ ಅರಿಜೋನಾದ ಫೀನಿಕ್ಸ್, ಚಾಂಡ್ಲರ್ ಊರುಗಳಲ್ಲಿ ಕನ್ನಡಿಗರಿದ್ದಾರೆ. ಮಗಳ ಬಾಣಂತನಕ್ಕೆಂದು ಹೋಗಿ ಆರು ತಿಂಗಳು ಇದ್ದು ಬರುವ ತಾಯಂದಿರಿದ್ದಾರೆ. ಅರಿಜೋನಾದಲ್ಲಿ ನಡೆದ ಅಧ್ಯಯನಗಳ ಪ್ರಕಾರ ಆಸ್ಪತ್ರೆಯ ಹೊರಗೆ ತಗುಲುವ ನ್ಯುಮೋನಿಯದಲ್ಲಿ ಆರರಲ್ಲಿ ಒಂದಕ್ಕಿಂತ ಕಡಿಮೆಯಿಲ್ಲದಷ್ಟು ಇದೇ ಶಿಲೀಂಧ್ರದಿಂದ. ಊರಿಗೆ ಮರಳಿದ ಮೂರನೇ ವಾರ ಕೆಮ್ಮು, ಜ್ವರ, ರಾತ್ರಿ ಬೆವರು, ಎಕ್ಸ್-ರೇಯಲ್ಲಿ ಶ್ವಾಸಕೋಶದ ಮೇಲ್ಭಾಗದಲ್ಲಿ ನೆರಳು ಎಂದರೆ ಬೆಂಗಳೂರಿನಲ್ಲಾಗಲಿ ಹುಬ್ಬಳ್ಳಿಯಲ್ಲಾಗಲಿ ವೈದ್ಯರ ಬಾಯಲ್ಲಿ ಮೊದಲು ಬರುವುದು ಟಿ.ಬಿ. ಬರಬೇಕಾದದ್ದೂ ಅದೇ. ಬಯಾಪ್ಸಿಯಲ್ಲೂ ಎರಡರ ಚಿತ್ರ ಒಂದೇ ಬಗೆಯದು: ಗ್ರಾನ್ಯುಲೋಮ ಎಂಬ ಕೋಶಗಳ ಗಂಟು, ಅದರಲ್ಲಿ ದೈತ್ಯಕೋಶಗಳು. ಕಫದಲ್ಲಿ ಕ್ಷಯದ ಬ್ಯಾಕ್ಟೀರಿಯ ಸಿಗದಿದ್ದರೂ ಅಂದಾಜಿನ ಮೇಲೆ ಆರು ತಿಂಗಳ ಮಾತ್ರೆ ಶುರುವಾಗಿಬಿಡುತ್ತದೆ. ಕಣಿವೆ ಜ್ವರವೇ ಆಗಿದ್ದರೆ, ಮಧುಮೇಹ ಇದ್ದವರಿಗೆ ಶ್ವಾಸಕೋಶದಲ್ಲಿ ಗುಳಿ ಬೀಳುವ ಸಂಭವ ಹೆಚ್ಚು. ಸ್ಟಿರಾಯ್ಡ್ ಸೇವಿಸುತ್ತಿರುವವರಲ್ಲಿ ರೋಗ ಹರಡುವ ಭಯವಿದೆ. ಹೊರಗಿನಿಂದ ಸೋಂಕು ಹೊತ್ತು ಬಂದ ಕೆಲವರ ವರದಿಗಳು ಭಾರತದ ವೈದ್ಯರಿಂದ ಈಗಾಗಲೇ ಪ್ರಕಟವಾಗಿವೆ.

ಇಂಥಲ್ಲಿ ಚರ್ಮಪರೀಕ್ಷೆಯ ದ್ರವ ನಮ್ಮಲ್ಲಿ ಸಿಗದಿರುವುದು ದೊಡ್ಡ ಕೊರತೆಯಲ್ಲ. ಎಲ್ಲಿದ್ದು ಬಂದಿರಿ ಎಂದು ವೈದ್ಯರು ಕೇಳಬೇಕು, ಕೇಳದಿದ್ದರೆ ರೋಗಿಯೇ ಹೇಳಬೇಕು. ಹೇಳಿದ್ದು ಪ್ರಯೋಗಾಲಯಕ್ಕೆ ಕಳಿಸುವ ಚೀಟಿಯ ಮೇಲೂ ಬರೆದಿರಬೇಕು. ‘ಅರಿಜೋನಾದಿಂದ ಬಂದವರು’ ಎಂಬ ಎರಡು ಪದ ಒಬ್ಬ ತಂತ್ರಜ್ಞೆಯ ಶ್ವಾಸಕೋಶವನ್ನು ಉಳಿಸಬಲ್ಲವು, ರೋಗಶಾಸ್ತ್ರದ ವೈದ್ಯರು ಬೆಳ್ಳಿಲವಣದ ಬಣ್ಣ ಹಾಕುವಂತೆ ಮಾಡಬಲ್ಲವು. ಸೀರಂನಲ್ಲಿ ಜೀವಂತ ಬೂಷ್ಟು ಬೆಳೆಯುವ ತಾಪತ್ರಯವಿಲ್ಲ, ಅದನ್ನು ಪ್ರತಿಕಾಯ ಪರೀಕ್ಷೆ ಮಾಡುವ ಕಡೆಗೆ ಕಳಿಸಬಹುದು. ಹೆಚ್ಚಿನವರಿಗೆ ಔಷಧಿಯೇ ಬೇಡವಾಗಬಹುದು. ಬೇಕಾದವರಿಗೆ ಫ್ಲುಕೊನಜೋಲ್ ಇದೆ, ಅದು ನಮ್ಮ ಔಷಧಿ ಅಂಗಡಿಗಳಲ್ಲೂ ಸಿಗುವ ಮಾತ್ರೆ. ಮೆದುಳುಪೊರೆಗೆ ತಲುಪಿದ್ದರೆ ಅದನ್ನು ಬದುಕಿರುವವರೆಗೆ ನುಂಗಬೇಕಾಗುತ್ತದೆ. ಚಿಕಿತ್ಸೆ ನಡೆಯುವಾಗ ಕೆಲವು ತಿಂಗಳಿಗೊಮ್ಮೆ ಟೈಟರ್ ನೋಡುತ್ತಾರೆ. ಒಂದೊಂದು ಪ್ರಯೋಗಾಲಯದ ಅಳತೆಯಲ್ಲಿ ಒಂದೊಂದು ವ್ಯತ್ಯಾಸ ಇರುವುದರಿಂದ ಒಳ್ಳೆಯ ಪ್ರಯೋಗಾಲಯಗಳು ಹಳೆಯ ಸೀರಂ ಅನ್ನು ಶೈತ್ಯದಲ್ಲಿ ಕಾಪಾಡಿಟ್ಟು, ಹೊಸದು ಬಂದ ದಿನ ಎರಡನ್ನೂ ಅಕ್ಕಪಕ್ಕ ಇಟ್ಟು ಒಟ್ಟಿಗೆ ಪರೀಕ್ಷಿಸುತ್ತವೆ. 1:64 ಇದ್ದದ್ದು 1:16ಕ್ಕೆ, 1:8ಕ್ಕೆ ಇಳಿದರೆ ರೋಗಿ ಗೆಲ್ಲುತ್ತಿದ್ದಾನೆ. ಮತ್ತೆ ಏರಿದರೆ, ಮೈಯಲ್ಲಿ ಯಾವ ಲಕ್ಷಣವೂ ಕಾಣದಿದ್ದರೂ, ಹುಡುಕಾಟವನ್ನು ಮೊದಲಿನಿಂದ ಆರಂಭಿಸಬೇಕು.